ದಾರಿಯಲ್ಲಿ ಸೈಕಲ್ ಪಂಚರ್ ಆದರೆ

ನಮ್ಮ ಓದುವ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮನೆ ಕೆ.ಜಿ.ಎಫ್.ನಲ್ಲಿ, ಊರಿಗಾಂ ಕಡೆ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ರವಿಕೆ ಹೊಲಿದು ಬಂಗಾರಪೇಟೆಯ ಒಂದು ಬಟ್ಟೆ ಅಂಗಡಿಗೆ ಕೊಡುತ್ತಾರೆ. ದಾರಿಯಲ್ಲಿ ಸಿಗುವ ಊರುಗಳಿಗೂ ಹೋಗುತ್ತಾರೆ. ಮನೆ ಮನೆಯಿಂದ ಬಟ್ಟೆ ಈಸಿಕೊಂಡು ಬರುತ್ತಾರೆ.

ಕೆ.ಜಿ.ಎಫ್.ನಿಂದ ಬಂಗಾರಪೇಟೆಗೆ ಸುಮಾರು 15 ಕಿಲೋಮೀಟರ್. ಬಸ್ಸು ಇದೆ. ರೈಲೂ ಇದೆ. ಆದರೆ ಬಸ್ಸು ನಮ್ಮ ಹೊತ್ತಿಗೆ ಬರೋದಿಲ್ಲ. ರೈಲು ಎಲ್ಲರ ಮನೆ ಬಾಗಿಲಿಗೆ ಹೋಗೋದಿಲ್ಲ. ಅದಕ್ಕೇ ಅಕ್ಕ ಸೈಕಲ್ ಹಿಡಿದರು.

ಸೈಕಲ್ ಅವರದಲ್ಲ, ಮಗಳದು. ಕರ್ನಾಟಕ ಸರ್ಕಾರ 2006-07ರಲ್ಲಿ 8ನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಅವರ ಮಗಳಿಗೂ ಮುಂದೆ ಶಾಲೆಯಲ್ಲಿ ಹಾಗೇ ಒಂದು ಸೈಕಲ್ ಸಿಕ್ಕಿತ್ತು. ಮಗಳು ಮದುವೆಯಾಗಿ ಹೋದಳು. ಸೈಕಲ್ ಗೋಡೆಗೆ ಒರಗಿ ನಿಂತಿತ್ತು. ಅಕ್ಕ ಅದರಲ್ಲೇ ಕಲಿತರು. ಬಿದ್ದರು, ಮೊಣಕಾಲು ತರಚಿತು. ಮತ್ತೆ ಹತ್ತಿದರು.

ಒಂದು ದಿನ ಮದುವೆ ಮನೆಯ ಹನ್ನೆರಡು ರವಿಕೆ ಕೊಡಬೇಕಿತ್ತು. ಸಂಜೆ ಐದು ಗಂಟೆಯೊಳಗೆ ತಲುಪಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಬೆಮೆಲ್ ನಗರ ದಾಟಿ ಸ್ವಲ್ಪ ದೂರ ಹೋಗಿದ್ದರು. ಹಿಂದಿನ ಚಕ್ರ ದಡ ದಡ ಅನ್ನತೊಡಗಿತು. ಇಳಿದು ನೋಡಿದರೆ ಟೈರು ನೆಲಕ್ಕೆ ಅಂಟಿಕೊಂಡಿತ್ತು. ಸುತ್ತ ಒಂದು ಅಂಗಡಿ ಇಲ್ಲ. ಮೇಲೆ ಉರಿ ಬಿಸಿಲು.

ಅಕ್ಕ ಸ್ವಲ್ಪ ದೂರ ಹಾಗೇ ತುಳಿದರು. ಸ್ವಲ್ಪ ದೂರ ತಳ್ಳಿದರು. ಬಂಗಾರಪೇಟೆ ಸೇರುವಾಗ ಅಂಗಡಿಯವರು ಗಡಿಯಾರ ನೋಡುತ್ತಾ ಕೂತಿದ್ದರು. ಅಕ್ಕ ಒಂದು ಕಡೆ ಪಂಚರ್ ಹಾಕಿಸಿದರು. ದುಡ್ಡು ಕೊಟ್ಟರು. ಮನೆ ಕಡೆ ಹೊರಟರು. ಎರಡು ಮೂರು ಕಿಲೋಮೀಟರ್ ಬಂದರು. ಮತ್ತೆ ದಡ ದಡ! ಅದೇ ಚಕ್ರ. ಅಷ್ಟರಲ್ಲಿ ಕತ್ತಲಾಗಿತ್ತು.

ಮನೆ ಸೇರುವಾಗ ರಾತ್ರಿ ಒಂಬತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನಾಳೆಯಿಂದ ಸೈಕಲ್ ಬೇಡ" ಅಂದರು. ಗಂಡನೂ ಅದನ್ನೇ ಹೇಳಿದರು. ಅಕ್ಕನಿಗೂ ಹೆದರಿಕೆ ಹತ್ತಿತ್ತು. ಸೈಕಲ್ ಮತ್ತೆ ಗೋಡೆ ಸೇರಿತು. ಬಂಗಾರಪೇಟೆ ಅಂಗಡಿಯ ಕೆಲಸವೂ ನಿಂತಿತು.

ಒಂದು ತಿಂಗಳಾದ ಮೇಲೆ ಅಕ್ಕ ಕೇಂದ್ರದಲ್ಲಿ ಒಂದು ಮಾತು ಕೇಳಿದರು.

"ಟೀಚರ್, ಪಂಚರ್ ಹಾಕಿಸಿದ್ದೆನಲ್ಲ. ಮತ್ತೆ ಯಾಕೆ ಗಾಳಿ ಹೋಯ್ತು?"

ಒಳ್ಳೆಯ ಪ್ರಶ್ನೆ. ನನಗೂ ಉತ್ತರ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದವರು ನಮ್ಮ ಬೀದಿಯಲ್ಲೇ ಇದ್ದರು. ಒಬ್ಬ ತಾತ. ಮೊದಲು ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ತಾತ ಮರದ ಕೆಳಗೆ ಒಂದು ಪಂಪು, ಒಂದು ಬಾಣಲೆ ನೀರು ಇಟ್ಟುಕೊಂಡು ಸೈಕಲ್ ರಿಪೇರಿಗೆ ಕೂತರು. ಅವರನ್ನು ಕೇಂದ್ರಕ್ಕೆ ಕರೆದೆವು. ಅಕ್ಕ ಸೈಕಲ್ ತಂದರು. ನಾವೆಲ್ಲ ಸುತ್ತ ಕೂತೆವು. ಅವತ್ತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಟೈರಿನೊಳಗೆ ಏನಿದೆ?

ಹೊರಗೆ ಕಾಣೋದು ಟೈರು. ಅದು ದಪ್ಪ. ನೆಲಕ್ಕೆ ಉಜ್ಜಿದರೂ ಬೇಗ ಸವೆಯೋದಿಲ್ಲ. ಅದರ ಒಳಗೆ ಟ್ಯೂಬು ಇದೆ. ಅದು ತೆಳು ರಬ್ಬರು. ಗಾಳಿ ಇರೋದು ಟ್ಯೂಬಿನಲ್ಲಿ. ಟ್ಯೂಬಿಗೆ ಒಂದು ಬಾಯಿ ಇದೆ. ಅದಕ್ಕೆ ವಾಲ್ವ್ ಅನ್ನುತ್ತಾರೆ. ಅದರ ಮೂಲಕ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರೋದಿಲ್ಲ.

"ಬರೀ ಗಾಳಿ ಇಷ್ಟು ಭಾರ ಹೇಗೆ ಹೊರುತ್ತೆ?" ಎಂದು ಒಬ್ಬ ತಂಗಿ ಕೇಳಿದಳು.

ತಾತ ನಕ್ಕರು. "ಒತ್ತಿ ತುಂಬಿದ ಗಾಳಿಗೆ ಬಲ ಜಾಸ್ತಿ ಕಣಮ್ಮ. ಗಣಿಯೊಳಗೆ ಬಂಡೆ ಕೊರೆಯೋ ಯಂತ್ರ ಅಂಥಾ ಗಾಳಿಯಲ್ಲೇ ಓಡ್ತಿತ್ತು. ಕಲ್ಲನ್ನೇ ಕೊರೆಯೋ ಗಾಳಿ ನಿನ್ನನ್ನ ಹೊರಲ್ವಾ?" ಅಂದರು.

ಹಿಂದೆ ಸೈಕಲ್‌ಗೆ ಗಾಳಿ ಟೈರು ಇರಲಿಲ್ಲ. ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿತ್ತು. ಕೂತವರ ಬೆನ್ನು ನೋಯುತ್ತಿತ್ತು. ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್ ಊರಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ದನದ ಡಾಕ್ಟರ್ ಇದ್ದರು. ಅವರ ಮಗನಿಗೆ ಮೂರು ಚಕ್ರದ ಸೈಕಲ್ ಇತ್ತು. ಮಗನಿಗಾಗಿ ಅವರು ಗಾಳಿ ತುಂಬಿದ ಟೈರು ಮಾಡಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಗಾಳಿ ಟೈರು ಎಲ್ಲ ಕಡೆ ಹರಡಿತು. ಸವಾರಿ ಹಗುರವಾಯಿತು. ಅದರ ಜೊತೆಗೆ ಪಂಚರೂ ಬಂತು.

ಮೊದಲು ಇಳಿಯಿರಿ

ಗಾಳಿ ಹೋದ ಕೂಡಲೇ ಇಳಿಯಬೇಕು. ಹಾಗೇ ತುಳಿಯಬಾರದು. ಯಾಕೆ?

ಗಾಳಿ ಇಲ್ಲದಿದ್ದರೆ ಕಬ್ಬಿಣದ ರಿಮ್ಮು ನೇರ ಟ್ಯೂಬಿನ ಮೇಲೆ ಕೂರುತ್ತದೆ. ನಮ್ಮ ಭಾರವೂ ಅದರ ಮೇಲೆ. ಟ್ಯೂಬು ಕತ್ತರಿಯಲ್ಲಿ ಸಿಕ್ಕ ಬಟ್ಟೆಯ ಹಾಗೆ ಸೀಳುತ್ತದೆ. ವಾಲ್ವಿನ ಬುಡವೂ ಕಿತ್ತು ಬರಬಹುದು. ಒಂದು ತೇಪೆಯಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಟ್ಯೂಬು ಹಾಕಬೇಕಾಗುತ್ತದೆ. ರಿಮ್ಮು ಸೊಟ್ಟಗಾದರೆ ಖರ್ಚು ಇನ್ನೂ ಜಾಸ್ತಿ.

ಇಳಿದು ರಸ್ತೆಯ ಪಕ್ಕಕ್ಕೆ ಬನ್ನಿ. ನೆರಳು ನೋಡಿ ನಿಲ್ಲಿ. ಕ್ಯಾರಿಯರ್ ಮೇಲಿನ ಗಂಟು ಕೆಳಗಿಳಿಸಿ. ಒಂದು ಗುಟುಕು ನೀರು ಕುಡಿಯಿರಿ. ಆಮೇಲೆ ನೋಡಿ.

ಗಾಳಿ ಎಲ್ಲಿಂದ ಹೋಯ್ತು?

ಗಾಳಿ ಹೋದದ್ದೆಲ್ಲಾ ಪಂಚರ್ ಅಲ್ಲ. ಮೊದಲು ವಾಲ್ವ್ ನೋಡಬೇಕು.

ಪಂಪು ಇದ್ದರೆ ಗಾಳಿ ಹೊಡೆಯಿರಿ. ಬೆರಳಿಗೆ ಉಗುಳು ಹಚ್ಚಿ ವಾಲ್ವಿನ ಬಾಯಿಗೆ ಸವರಿ. ಗುಳ್ಳೆ ಎದ್ದರೆ ತಪ್ಪು ವಾಲ್ವಿನಲ್ಲಿದೆ. ಅದರ ನಟ್ಟು ಸಡಿಲ ಇರಬಹುದು. ಬಿಗಿ ಮಾಡಿ. ಹಳೆಯ ತರಹದ ವಾಲ್ವಿನಲ್ಲಿ ಸಣ್ಣ ಕಡ್ಡಿಗೆ ಒಂದು ರಬ್ಬರು ಕೊಳವೆ ಹಾಕಿರುತ್ತಾರೆ. ಅದಕ್ಕೆ ವಾಲ್ವ್ ಟ್ಯೂಬು ಅನ್ನುತ್ತಾರೆ. ಅದು ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಬೇರೆ ಹಾಕಿದರೆ ಸಾಕು. ಸೈಕಲ್ ಅಂಗಡಿಯಲ್ಲಿ ಅದು ತೀರಾ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ತುಂಡು ಯಾವಾಗಲೂ ಜೊತೆಯಲ್ಲಿ ಇಟ್ಟುಕೊಳ್ಳಿ.

ವಾಲ್ವ್ ಸರಿ ಇದ್ದರೆ ಟೈರು ನೋಡಿ. ಚಕ್ರವನ್ನು ನಿಧಾನ ತಿರುಗಿಸಿ. ಮುಳ್ಳು, ಮೊಳೆ, ಗಾಜಿನ ಚೂರು ಕಾಣಬಹುದು. ನಮ್ಮ ಕಡೆ ಜಾಲಿ ಮುಳ್ಳು ಹೆಚ್ಚು. ಬೇಲಿ ಕಡಿದು ಗಾಡಿಯಲ್ಲಿ ಸಾಗಿಸಿದ ದಿನ ದಾರಿ ತುಂಬಾ ಮುಳ್ಳು ಬಿದ್ದಿರುತ್ತದೆ. ನೆಲಕ್ಕೆ ಹರಡುವ ನೆಗ್ಗಿಲು ಮುಳ್ಳೂ ಟೈರಿಗೆ ಚುಚ್ಚುತ್ತದೆ. ರಸ್ತೆ ಬಿಟ್ಟು ಅಂಚಿಗೆ ಇಳಿದರೆ ಇವು ಸಿಕ್ಕೇ ಸಿಗುತ್ತವೆ.

ಗಾಳಿ ಭುಸ್ ಅಂತ ಹೋಗುತ್ತಿದೆಯೇ? ಇಲ್ಲಾ ನಿಧಾನವಾಗಿ ಹೋಗುತ್ತಿದೆಯೇ? ನಿಧಾನ ಹೋಗುತ್ತಿದ್ದರೆ ಒಂದು ಉಪಾಯ ಇದೆ. ಗಾಳಿ ಹೊಡೆಯಿರಿ. ಸ್ವಲ್ಪ ದೂರ ತುಳಿಯಿರಿ. ಮೆತ್ತಗಾದರೆ ಮತ್ತೆ ಹೊಡೆಯಿರಿ. ಹೀಗೆ ಮಾಡುತ್ತಾ ಅಂಗಡಿ ಸೇರಬಹುದು. ಅಂಥ ಹೊತ್ತಿನಲ್ಲಿ ಒಳಗಿರುವ ಮುಳ್ಳನ್ನು ಕೀಳಬೇಡಿ. ಮುಳ್ಳೇ ತೂತಿಗೆ ಬಿರಡೆ ಆಗಿರುತ್ತದೆ. ಕಿತ್ತರೆ ಉಳಿದ ಗಾಳಿಯೂ ಹೋಗುತ್ತದೆ. ಪಂಚರ್ ಹಾಕುವಾಗ ಮಾತ್ರ ಅದನ್ನು ಮರೆಯದೆ ಕೀಳಬೇಕು.

ಚೀಲದಲ್ಲಿ ಏನಿರಬೇಕು?

ತಾತ ಒಂದು ಸಣ್ಣ ಬಟ್ಟೆ ಚೀಲ ಬಿಚ್ಚಿ ತೋರಿಸಿದರು. ಅದರಲ್ಲಿ ಇದ್ದದ್ದು ಇಷ್ಟು:

1. ಸಣ್ಣ ಕೈ ಪಂಪು.
2. ಟೈರು ಎಬ್ಬಿಸುವ ಎರಡು ಲಿವರ್.
3. ಪಂಚರ್ ತೇಪೆಗಳು.
4. ಸಲ್ಯೂಷನ್, ಅಂದರೆ ರಬ್ಬರು ಅಂಟು.
5. ಒಂದು ತುಂಡು ಉಪ್ಪು ಕಾಗದ.
6. ವಾಲ್ವ್ ಟ್ಯೂಬು.
7. ಒಂದು ಪಾನಾ, ಅಂದರೆ ನಟ್ಟು ಬಿಚ್ಚುವ ಸಾಧನ.
8. ಹಳೆಯ ಬಟ್ಟೆಯ ತುಂಡು.

ಅಕ್ಕ ಇನ್ನೊಂದು ಸೇರಿಸಿದರು. ಪೆನ್ನು! ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಲ್ಲರೂ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ನಾಲ್ಕು ಜನ ಸೇರಿ ಒಂದು ಚೀಲ ಮಾಡಿಕೊಳ್ಳಬಹುದು. ದೂರ ಹೋಗುವವರು ತೆಗೆದುಕೊಂಡು ಹೋಗಲಿ. ಸ್ತ್ರೀಶಕ್ತಿ ಸಂಘದಲ್ಲಿ ಈ ಮಾತು ಎತ್ತಿ ನೋಡಿ.

ಪಂಚರ್ ಹಾಕೋದು ಹೇಗೆ?

ಹಂತ 1. ಸೈಕಲ್ ತಲೆಕೆಳಗೆ ಮಾಡಿ. ಸೀಟು, ಹ್ಯಾಂಡಲ್ ನೆಲಕ್ಕೆ ಬರಲಿ. ಚಕ್ರ ಕಳಚುವ ಅಗತ್ಯ ಇಲ್ಲ. ಟೈರಿನ ಒಂದು ಪಕ್ಕ ಬಿಚ್ಚಿದರೆ ಸಾಕು.

ಹಂತ 2. ವಾಲ್ವಿನ ನಟ್ಟು ಬಿಚ್ಚಿ. ಒಳಗಿನ ಕಡ್ಡಿ ತೆಗೆಯಿರಿ. ಉಳಿದ ಗಾಳಿ ಪೂರ್ತಿ ಹೋಗಲಿ. ಬಿಚ್ಚಿದ ಸಣ್ಣ ಸಾಮಾನುಗಳನ್ನು ಬಟ್ಟೆಯ ಮೇಲೆ ಇಡಿ. ಮಣ್ಣಿನಲ್ಲಿ ಬಿದ್ದರೆ ಹುಡುಕೋದು ಕಷ್ಟ.

ಹಂತ 3. ಟೈರಿನ ಅಂಚಿಗೆ ಲಿವರ್ ಹಾಕಿ ಎಬ್ಬಿಸಿ. ವಾಲ್ವ್ ಇರುವ ಜಾಗದಲ್ಲಿ ಶುರು ಮಾಡಬೇಡಿ. ಅದರ ಎದುರು ಕಡೆಯಿಂದ ಶುರು ಮಾಡಿ. ಲಿವರ್ ಇಲ್ಲದಿದ್ದರೆ ಗಟ್ಟಿ ಚಮಚದ ಹಿಡಿ ಆಗುತ್ತದೆ. ಚಾಕು, ಕುಡುಗೋಲು ಹಾಕಬೇಡಿ. ಟ್ಯೂಬು ಕೊಯ್ದು ಹೋಗುತ್ತದೆ.

ಹಂತ 4. ಟ್ಯೂಬನ್ನು ಹೊರಗೆ ಎಳೆಯಿರಿ. ವಾಲ್ವಿನ ಬುಡ ರಿಮ್ಮಿನಲ್ಲೇ ಇರಲಿ. ಕಡ್ಡಿ ಹಾಕಿ ಮತ್ತೆ ಸ್ವಲ್ಪ ಗಾಳಿ ಹೊಡೆಯಿರಿ. ಈಗ ತೂತು ಹುಡುಕಬೇಕು. ನೀರು ಇದ್ದರೆ ಟ್ಯೂಬನ್ನು ಸ್ವಲ್ಪ ಸ್ವಲ್ಪವಾಗಿ ಮುಳುಗಿಸಿ. ಗುಳ್ಳೆ ಎದ್ದ ಕಡೆ ತೂತು.

ನಮ್ಮ ಕೋಲಾರ ಜಿಲ್ಲೆಯಲ್ಲಿ ದಾರಿಯಲ್ಲಿ ನೀರು ಎಲ್ಲಿ ಸಿಗುತ್ತದೆ? ಕೆರೆ ಇದ್ದರೂ ಎಷ್ಟೋ ಸಲ ಒಣಗಿರುತ್ತದೆ. ನೀರಿಲ್ಲದೆಯೂ ಹುಡುಕಬಹುದು. ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿಯಿರಿ. ನಿಧಾನ ಸರಿಸಿ. ತಣ್ಣನೆ ಗಾಳಿ ಕೆನ್ನೆಗೆ ತಾಗುತ್ತದೆ. ಸುಯ್ ಅನ್ನುವ ಸದ್ದು ಕಿವಿಗೆ ಬೀಳುತ್ತದೆ. ಅನುಮಾನ ಬಂದ ಕಡೆ ಉಗುಳು ಸವರಿ ನೋಡಿ.

ತೂತು ಸಿಕ್ಕಿತೇ? ಈಗ ಪೆನ್ನು ತೆಗೆಯಿರಿ. ತೂತು ನಡುವೆ ಬರುವ ಹಾಗೆ ಒಂದು ಇಂಟು ಗುರುತು ಹಾಕಿ. ಗುರುತು ದೊಡ್ಡದಾಗಿರಲಿ. ಗಾಳಿ ಬಿಟ್ಟ ಮೇಲೆ ತೂತು ಕಣ್ಣಿಗೆ ಕಾಣೋದಿಲ್ಲ. ಗುರುತು ಇಲ್ಲದಿದ್ದರೆ ಮತ್ತೆ ಮೊದಲಿಂದ ಹುಡುಕಬೇಕು.

ಮುಳ್ಳು ಎಲ್ಲಿ?

ಇಲ್ಲಿ ತಾತ ಕೈ ನಿಲ್ಲಿಸಿದರು. ಅಕ್ಕನ ಕಡೆ ತಿರುಗಿದರು.

"ನೀನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ ನೋಡಮ್ಮ. ತೂತು ಟ್ಯೂಬಿನಲ್ಲಿದೆ. ತೂತು ಮಾಡಿದ್ದು ಎಲ್ಲಿದೆ?"

ಟ್ಯೂಬಿನ ಗುರುತು ವಾಲ್ವಿನಿಂದ ಎಷ್ಟು ದೂರ ಇದೆ ಎಂದು ತಾತ ಗೇಣು ಹಾಕಿ ಅಳೆದರು. ಎರಡು ಗೇಣು. ಟೈರಿನಲ್ಲೂ ವಾಲ್ವಿನ ಜಾಗದಿಂದ ಎರಡು ಗೇಣು ಅಳೆದರು. ಟೈರಿನ ಒಳಮೈ ಮೇಲೆ ಬಟ್ಟೆ ಸವರಿದರು. ಬಟ್ಟೆ ಒಂದು ಕಡೆ ಸಿಕ್ಕಿಕೊಂಡಿತು. ಇಕ್ಕಳದಿಂದ ಎಳೆದರು. ಜಾಲಿ ಮುಳ್ಳಿನ ತುದಿ! ರಾಗಿ ಕಾಳಿಗಿಂತ ಸ್ವಲ್ಪ ಉದ್ದ. ಹೊರಗಿನಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ.

ಅವತ್ತು ಪಂಚರ್ ಹಾಕಿದವರು ಟ್ಯೂಬಿಗೆ ತೇಪೆ ಹಾಕಿದ್ದರು. ಮುಳ್ಳು ತೆಗೆದಿರಲಿಲ್ಲ. ಅದು ತೇಪೆಯ ಪಕ್ಕದಲ್ಲೇ ಮತ್ತೆ ಚುಚ್ಚಿತ್ತು. ಟ್ಯೂಬಿನಲ್ಲಿ ಹಳೆಯ ತೇಪೆ, ಅದರ ಪಕ್ಕದಲ್ಲೇ ಹೊಸ ತೂತು ಎರಡೂ ಕಂಡವು.

ಅಕ್ಕ ಆ ಮುಳ್ಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. "ಇಷ್ಟು ಸಣ್ಣದಕ್ಕೆ ನಾನು ಒಂದು ತಿಂಗಳು ಮನೇಲಿ ಕೂತೆನಾ?" ಅಂದರು. ನಾವು ಯಾರೂ ಮಾತಾಡಲಿಲ್ಲ.

ತೂತು ಇರುವ ಜಾಗ ನೋಡಿ ಕಾರಣ ಹೇಳಬಹುದು:

ತೂತು ಟ್ಯೂಬಿನ ಹೊರಮೈಯಲ್ಲಿ ಇದ್ದರೆ ಮುಳ್ಳು, ಮೊಳೆ ಅಥವಾ ಗಾಜು ಕಾರಣ. ಟೈರಿನಲ್ಲಿ ಹುಡುಕಿ.

ತೂತು ರಿಮ್ಮಿನ ಕಡೆ ಇದ್ದರೆ ಚಕ್ರದ ಕಡ್ಡಿಯ ತುದಿ ಚುಚ್ಚಿರಬಹುದು. ರಿಮ್ಮಿನ ಒಳಗೆ ಒಂದು ಪಟ್ಟಿ ಇರುತ್ತದೆ. ಅದು ಸರಿದಿದೆಯೇ, ಹರಿದಿದೆಯೇ ನೋಡಿ.

ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಇದ್ದರೆ ಗಾಳಿ ಕಡಿಮೆ ಇತ್ತು ಎಂದು ಅರ್ಥ. ಕಲ್ಲಿಗೋ ಗುಂಡಿಗೋ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿದೆ.

ವಾಲ್ವಿನ ಬುಡದಲ್ಲೇ ಹರಿದಿದ್ದರೆ ತೇಪೆ ನಿಲ್ಲೋದಿಲ್ಲ. ಟ್ಯೂಬು ಬದಲಿಸಬೇಕು.

ತೇಪೆ ಅಂಟಿಸುವುದು

ಹಂತ 5. ಗಾಳಿ ಪೂರ್ತಿ ಬಿಡಿ. ಟ್ಯೂಬು ಒರೆಸಿ ಒಣಗಿಸಿ. ಗುರುತಿನ ನಡುವೆ ಉಪ್ಪು ಕಾಗದದಿಂದ ಉಜ್ಜಿ. ಮೈ ತರಿ ತರಿ ಆಗಬೇಕು. ನುಣುಪಾದ ರಬ್ಬರಿಗೆ ಅಂಟು ಹಿಡಿಯೋದಿಲ್ಲ. ಉಪ್ಪು ಕಾಗದ ಇಲ್ಲದಿದ್ದರೆ ತರಿ ಕಲ್ಲಿನಲ್ಲಿ ಮೆಲ್ಲಗೆ ಉಜ್ಜಿ.

ಹಂತ 6. ಸಲ್ಯೂಷನ್ ತೆಳ್ಳಗೆ ಹಚ್ಚಿ. ತೇಪೆಗಿಂತ ಸ್ವಲ್ಪ ಅಗಲ ಹಚ್ಚಿ. ಈಗ ಕಾಯಿರಿ. ಇದೇ ಮುಖ್ಯ. ಹಚ್ಚಿದ ಕೂಡಲೇ ತೇಪೆ ಒತ್ತಬಾರದು. ಸಲ್ಯೂಷನ್ ಒಳಗೆ ರಬ್ಬರನ್ನು ಕರಗಿಸಿದ ದ್ರವ ಇರುತ್ತದೆ. ಅದು ಗಾಳಿಗೆ ಆರಬೇಕು. ಸುಮಾರು 5 ನಿಮಿಷ ಬೇಕು. ಒದ್ದೆ ಹೊಳಪು ಹೋಗಬೇಕು. ಅವಸರ ಮಾಡಿದರೆ ತೇಪೆ ಜಾರುತ್ತದೆ.

ಸಲ್ಯೂಷನ್‌ಗೆ ಬೇಗ ಬೆಂಕಿ ಹತ್ತುತ್ತದೆ. ಹತ್ತಿರ ಒಲೆ, ಬೀಡಿ, ದೀಪ ಇರಬಾರದು. ಮಕ್ಕಳ ಕೈಗೆ ಕೊಡಬೇಡಿ. ಮೂಗಿಗೆ ಹಿಡಿದು ಮೂಸಬೇಡಿ.

ಹಂತ 7. ತೇಪೆಯ ಹಿಂದಿನ ಕಾಗದ ಬಿಡಿಸಿ. ಅಂಟುವ ಮೈಯನ್ನು ಬೆರಳಿಂದ ಮುಟ್ಟಬೇಡಿ. ತೂತಿನ ಮೇಲೆ ಸರಿಯಾಗಿ ಇಟ್ಟು ಒತ್ತಿ. ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಅಂಚು ಏಳಬಾರದು. ಮೇಲೆ ಸ್ವಲ್ಪ ಸೀಮೆಸುಣ್ಣದ ಪುಡಿ ಉದುರಿಸಿ. ಅದು ಇಲ್ಲದಿದ್ದರೆ ನುಣ್ಣನೆ ಒಣ ಮಣ್ಣು ಸಾಕು. ಆಗ ಟ್ಯೂಬು ಟೈರಿಗೆ ಅಂಟಿಕೊಳ್ಳೋದಿಲ್ಲ.

ಹಂತ 8. ಟ್ಯೂಬಿಗೆ ಸ್ವಲ್ಪವೇ ಗಾಳಿ ಹೊಡೆಯಿರಿ. ದುಂಡಗಾದರೆ ಸಾಕು. ತಿರುಚಿಕೊಳ್ಳದ ಹಾಗೆ ಟೈರಿನೊಳಗೆ ಕೂರಿಸಿ. ಟೈರಿನ ಅಂಚನ್ನು ಹೆಬ್ಬೆರಳಿಂದ ಒಳಗೆ ತಳ್ಳಿ. ವಾಲ್ವಿನ ಹತ್ತಿರ ಕೊನೆ ಮಾಡಿ. ಲಿವರ್ ಹಾಕಬೇಡಿ. ಅದು ಟ್ಯೂಬನ್ನು ಮತ್ತೆ ಕಚ್ಚುತ್ತದೆ. ಸುತ್ತ ನೋಡಿ, ಟ್ಯೂಬು ಎಲ್ಲೂ ರಿಮ್ಮಿಗೆ ಸಿಕ್ಕಿಕೊಂಡಿರಬಾರದು. ಈಗ ಗಾಳಿ ತುಂಬಿ. ಹೆಬ್ಬೆರಳಿಂದ ಒತ್ತಿ ನೋಡಿ. ಗಟ್ಟಿಯಾಗಿರಬೇಕು.

ಮೊದಲ ಸಲ ಒಂದು ಗಂಟೆ ಹಿಡಿಯಬಹುದು. ಬೇಸರ ಬೇಡ. ಮೊದಲ ಸಲ ಹೆಸರು ಬರೆದಾಗ ಎಷ್ಟು ಹೊತ್ತು ಹಿಡಿಯಿತು, ನೆನಪಿದೆಯಲ್ಲ?

ಏನೂ ಇಲ್ಲದಿದ್ದರೆ?

ಚೀಲ ಇಲ್ಲ. ಪಂಪು ಇಲ್ಲ. ಆಗ ಏನು ಮಾಡೋದು?

ಒಂದು ದಾರಿ, ತಳ್ಳಿಕೊಂಡು ಹೋಗುವುದು. ಗಂಟು ಕ್ಯಾರಿಯರ್ ಮೇಲೆ ಇದ್ದು ಹಿಂದಿನ ಚಕ್ರ ಪಂಚರ್ ಆಗಿದ್ದರೆ ಗಂಟನ್ನು ಮುಂದೆ ಹ್ಯಾಂಡಲ್‌ಗೆ ಹಾಕಿ. ಪಂಚರ್ ಆದ ಚಕ್ರದ ಮೇಲೆ ಭಾರ ಬೇಡ.

ಇನ್ನೊಂದು ದಾರಿ, ಸೈಕಲ್ ಬಿಟ್ಟು ಹೋಗುವುದು. ಹತ್ತಿರದ ಹಾಲಿನ ಡೇರಿ, ಶಾಲೆ, ಅಂಗನವಾಡಿ, ಗುರುತಿನ ಮನೆ ನೋಡಿ. ಹೇಳಿ, ಬೀಗ ಹಾಕಿ, ಇಟ್ಟು ಬನ್ನಿ. ಆಮೇಲೆ ಬಸ್ಸು ಹತ್ತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅದರಲ್ಲಿ ಕರ್ನಾಟಕದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಹೋಗಬಹುದು. ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ಜೊತೆಯಲ್ಲಿರಬೇಕು. ರೈಲು ದಾರಿ ಹತ್ತಿರ ಇದ್ದರೆ ಸ್ಟೇಷನ್ ಕಡೆ ನಡೆಯಿರಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲೇ ರೈಲು ಬಂತು. ಕೋರಮಂಡಲ, ಊರಿಗಾಂ, ಚಾಂಪಿಯನ್ ಸ್ಟೇಷನ್‌ಗಳು ಆ ದಾರಿಯಲ್ಲೇ ಇವೆ. ಎಷ್ಟೋ ಜನ ಅದೇ ರೈಲಿನಲ್ಲಿ ದಿನಾ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ರೈಲಿನ ಹೊತ್ತನ್ನು ಮೊದಲೇ ಬರೆದು ಇಟ್ಟುಕೊಳ್ಳಿ.

ತಾತ ಒಂದು ಹಳೆಯ ಉಪಾಯವನ್ನೂ ಹೇಳಿದರು. ಟ್ಯೂಬು ಹೊರಗೆ ತೆಗೆದು ಟೈರಿನೊಳಗೆ ಒಣ ಹುಲ್ಲು ಬಿಗಿಯಾಗಿ ತುರುಕೋದು. ರಾಗಿ ಹುಲ್ಲಾದರೂ ಆದೀತು. ಆಗ ರಿಮ್ಮು ನೆಲಕ್ಕೆ ಬಡಿಯೋದಿಲ್ಲ. ಭಾರ ಇಲ್ಲದೆ, ನಿಧಾನವಾಗಿ, ಹತ್ತಿರದ ಊರು ಸೇರಬಹುದು. ಇಳಿಜಾರಿನಲ್ಲಿ ತುಳಿಯಬಾರದು.

ಕತ್ತಲಾಗುತ್ತಿದ್ದರೆ ರಿಪೇರಿಗೆ ಕೂರಬೇಡಿ. ಸೈಕಲ್ ಸಿಗುತ್ತದೆ, ಜೀವ ದೊಡ್ಡದು. ದೀಪ ಇರುವ ಕಡೆ, ಜನ ಇರುವ ಕಡೆ, ಹೆಂಗಸರು ಇರುವ ಮನೆ ಕಡೆ ಹೋಗಿ. ಮನೆಗೆ ಫೋನ್ ಮಾಡಿ. ಯಾರಾದರೂ ತೊಂದರೆ ಕೊಟ್ಟರೆ 112ಕ್ಕೆ ಫೋನ್ ಮಾಡಿ. ಪೊಲೀಸರ ಸಹಾಯ ಸಿಗುತ್ತದೆ. ಫೋನಿನ ಬ್ಯಾಟರಿ ಮುಗಿಯಬಹುದು. ಅದಕ್ಕೇ ಮನೆಯವರ ನಂಬರನ್ನು ಒಂದು ಚೀಟಿಯಲ್ಲಿ ನೀವೇ ಬರೆದು ಇಟ್ಟುಕೊಳ್ಳಿ.

ಟೈರಿನ ಮೇಲಿನ ಅಂಕಿ ಓದಿ

ಟೈರಿನ ಪಕ್ಕದಲ್ಲಿ ಅಂಕಿಗಳು ಇರುತ್ತವೆ. 26 ಅಂತಲೋ 28 ಅಂತಲೋ ಶುರುವಾಗುತ್ತದೆ. ಅದು ಚಕ್ರದ ಅಳತೆ. ಅದರ ಮುಂದೆ ಇನ್ನೊಂದು ಅಂಕಿ ಇದೆ. ಅದು ಟೈರಿನ ದಪ್ಪ. ಟ್ಯೂಬು ಕೊಳ್ಳುವಾಗ ಈ ಎರಡೂ ಬೇಕು. ಅಂಕಿಯನ್ನು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಕೊಟ್ಟ ಟ್ಯೂಬಿನ ಡಬ್ಬಿಯ ಮೇಲೂ ಅದೇ ಅಂಕಿ ಇದೆಯೇ ನೋಡಿ. ಇಲ್ಲದಿದ್ದರೆ ವಾಪಸ್ ಕೊಡಿ.

ಅಂಗಡಿಯಲ್ಲಿ ಪಂಚರ್ ಹಾಕಿಸುವಾಗ ಮೊದಲು ದುಡ್ಡು ಎಷ್ಟು ಎಂದು ಕೇಳಿ. ಆಮೇಲೆ ಪಕ್ಕದಲ್ಲೇ ನಿಲ್ಲಿ. "ಅಣ್ಣಾ, ಮುಳ್ಳು ಸಿಕ್ತಾ? ತೋರಿಸು" ಎಂದು ಕೇಳಿ. ಕೇಳೋದು ತಪ್ಪಲ್ಲ. ದುಡ್ಡು ನಮ್ಮದು, ದಾರಿಯೂ ನಮ್ಮದೇ.

ಪುದುಕೋಟ್ಟೈ ಅಕ್ಕಂದಿರು

ನಮ್ಮ ಪಕ್ಕದ ತಮಿಳುನಾಡಿನಲ್ಲಿ ಪುದುಕೋಟ್ಟೈ ಎಂಬ ಜಿಲ್ಲೆ ಇದೆ. ಅಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅದರ ಹೆಸರು ಅರಿವೊಳಿ ಇಯಕ್ಕಂ. ಆಗ ಶೀಲಾ ರಾಣಿ ಚುಂಕತ್ ಜಿಲ್ಲಾಧಿಕಾರಿ. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕೊಳ್ಳಲು ಬ್ಯಾಂಕ್ ಸಾಲಕ್ಕೂ ದಾರಿ ಮಾಡಿದರು. ಕೂಲಿ ಹೆಂಗಸರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು, ಎಲ್ಲರೂ ಸೈಕಲ್ ಹತ್ತಿದರು. ಜನ ಆಡಿಕೊಂಡರು. ಹೆಂಗಸರು ಇಳಿಯಲಿಲ್ಲ. ನೀರು ತಂದರು, ಸಂತೆಗೆ ಹೋದರು, ಮಕ್ಕಳನ್ನು ಶಾಲೆಗೆ ಬಿಟ್ಟರು. ಬಸ್ಸಿಗೆ ಕಾಯುವ ಹೊತ್ತು ಅವರಿಗೆ ಉಳಿಯಿತು.

ಅಕ್ಕ ಮತ್ತೆ ಹೊರಟರು

ಅವತ್ತು ತಾತ ಮುಳ್ಳು ಮಾತ್ರ ತೆಗೆದುಕೊಟ್ಟರು. ತೇಪೆ ಹಾಕಿದ್ದು ಅಕ್ಕನೇ. ಎರಡು ಸಲ ಜಾರಿತು. ಮೂರನೆಯ ಸಲ ಹಿಡಿಯಿತು. ಸೈಕಲ್ಲನ್ನು ಮನೆಗೆ ತುಳಿದುಕೊಂಡೇ ಹೋದರು.

ಅತ್ತೆ ಏನಂದರು? ಅಷ್ಟು ಬೇಗ ಒಪ್ಪಲಿಲ್ಲ. ಅಕ್ಕ ಅಂಗಳದಲ್ಲಿ ಕೂತು ಟೈರು ಬಿಚ್ಚಿ ತೋರಿಸಿದರು. ಮತ್ತೆ ಹಾಕಿ ತೋರಿಸಿದರು. ಒಂದು ಕಾಗದದಲ್ಲಿ ದಾರಿಯ ಊರುಗಳನ್ನು ಬರೆದರು. ಯಾವ ಊರಲ್ಲಿ ಯಾರ ಮನೆ, ಎಷ್ಟು ಗಂಟೆಗೆ ಎಲ್ಲಿರುತ್ತೇನೆ ಎಂದೂ ಬರೆದರು. ಅದನ್ನು ಗೋಡೆಗೆ ಅಂಟಿಸಿದರು. ಅತ್ತೆಗೆ ಓದಲು ಬರೋದಿಲ್ಲ. ಮೊಮ್ಮಗ ಓದಿ ಹೇಳಿದ. ಅತ್ತೆ ಸುಮ್ಮನೆ ಕೇಳಿದರು. "ಕತ್ತಲಾಗೋ ಮುಂಚೆ ಬಾ" ಅಂದರು. ಅಷ್ಟೇ.

ಅಂಗಡಿಯವರು ಮೊದಲು ಕೆಲಸ ಕೊಡಲಿಲ್ಲ. ಆಮೇಲೆ ನಾಲ್ಕು ರವಿಕೆ ಕೊಟ್ಟು ನೋಡಿದರು. ಈಗ ಮತ್ತೆ ಕೊಡುತ್ತಿದ್ದಾರೆ. ಅಕ್ಕನ ಕ್ಯಾರಿಯರ್‌ನಲ್ಲಿ ರವಿಕೆ ಗಂಟಿನ ಕೆಳಗೆ ಒಂದು ಬಟ್ಟೆ ಚೀಲ ಇರುತ್ತದೆ. ಒಂದು ದಿನ ಬಂಗಾರಪೇಟೆ ದಾರಿಯಲ್ಲಿ ಒಬ್ಬ ಶಾಲೆ ಹುಡುಗಿ ಸೈಕಲ್ ತಳ್ಳಿಕೊಂಡು ಅಳುತ್ತಾ ಬರುತ್ತಿದ್ದಳಂತೆ. ಅಕ್ಕ ಇಳಿದು ಚೀಲ ಬಿಚ್ಚಿದರಂತೆ. "ಅಳಬೇಡ ಕಣಮ್ಮ. ಮೊದಲು ಮುಳ್ಳು ಹುಡುಕೋಣ" ಅಂದರಂತೆ.

ನೆನಪಿಡಿ

ಗಾಳಿ ಹೋದರೆ ಕೂಡಲೇ ಇಳಿಯಿರಿ.
ಮೊದಲು ವಾಲ್ವ್ ನೋಡಿ, ಆಮೇಲೆ ಟೈರು ನೋಡಿ.
ಮುಳ್ಳು ತೆಗೆಯದೆ ತೇಪೆ ಹಾಕಬೇಡಿ.
ಸಲ್ಯೂಷನ್ ಆರುವ ತನಕ ಕಾಯಿರಿ.
ಕತ್ತಲಾದರೆ ಸೈಕಲ್ ಬಿಡಿ, ಜನ ಇರುವ ಕಡೆ ಹೋಗಿ.
ಹೊರಡುವ ಮುಂಚೆ ಟೈರು ಒತ್ತಿ ನೋಡಿ. ಗಾಳಿ ಸರಿ ಇದ್ದರೆ ಪಂಚರ್ ಕಡಿಮೆ.

ಮಾತಾಡೋಣ, ಮಾಡೋಣ

1. ಅಕ್ಕನ ಸೈಕಲ್ ಎರಡನೆಯ ಸಲ ಯಾಕೆ ಪಂಚರ್ ಆಯಿತು?
2. ನಿಮ್ಮ ಊರಿಂದ ಸಂತೆಗೆ ಹೋಗುವ ದಾರಿಯಲ್ಲಿ ಸಹಾಯ ಸಿಗುವ ಜಾಗಗಳು ಯಾವುವು? ಪಟ್ಟಿ ಬರೆಯಿರಿ.
3. ಮನೆಯ ಸೈಕಲ್ ಟೈರಿನ ಅಂಕಿ ನೋಡಿ ಬರೆಯಿರಿ.
4. ದೂರ ಹೋಗಬೇಡ ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಯಾವುದರ ಭಯಕ್ಕೆ? ಆ ಭಯಕ್ಕೆ ಏನು ಮಾಡಬಹುದು?
5. ನಾಲ್ಕು ಜನ ಸೇರಿ ಒಂದು ಪಂಚರ್ ಚೀಲ ಮಾಡಿ. ಒಂದು ಹಳೆಯ ಟ್ಯೂಬು ತಂದು ತೇಪೆ ಹಾಕಿ ನೋಡಿ.